ಮನೆಯಲ್ಲೇ ಮಾಡಿದ ಸಬ್‌ವೂಫರ್: ತಳದ ಬೇಸ್ (ತೀರಾ ತಗ್ಗಿನ, ಗುಡುಗಿನಂಥ ಸದ್ದು) ಬಂದಾಗ ಕೋನ್ (ಸ್ಪೀಕರಿನ ಮುಂದೆ ಕಂಪಿಸುವ ಭಾಗ) ಉಳಿಸಿಕೊಳ್ಳೋದು ಹೇಗೆ?

ತುಮಕೂರು ಹೊಸಬ: 12 ಇಂಚಿನ ವೂಫರ್ (ಬೇಸ್ ಸ್ಪೀಕರ್), 60 ಲೀಟರ್ ಪೋರ್ಟ್ ಬಾಕ್ಸ್ (ಗಾಳಿ ಆಡಲು ಪೈಪು ಇಟ್ಟ ಪೆಟ್ಟಿಗೆ), ಪೋರ್ಟಿಗೆ 4 ಇಂಚಿನ ಪಿವಿಸಿ ಪೈಪು, 200 ವ್ಯಾಟ್ ಆಂಪ್ಲಿಫೈಯರ್ (ಆಂಪ್). ಸಿನಿಮಾದಲ್ಲಿ ಸ್ಫೋಟದ ಸೀನ್ ಬಂದರೆ ಟಕ್ ಟಕ್ ಅಂತ ಬಡಿಯುತ್ತದೆ. ಏನು ಮಾಡಲಿ? ಅನುಭವ ಇದ್ದವರು ಹೇಳಿ.

ಹಾಸನ ಬೇಸ್: ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಕೋನಿನ ಹಿಂದೆ ಅಂಟಿರುವ ತಂತಿಯ ಕಾಯಿಲ್, ಸ್ಪೀಕರಿನ ಹಿಂದಿನ ಪ್ಲೇಟಿಗೆ ಬಡಿಯೋದು. ನಾನು ಎರಡು ವಾರ ಕೇಳಿಸಿಕೊಂಡು ಸುಮ್ನಿದ್ದೆ. ವೂಫರ್ 4,200 ರೂಪಾಯಿ, 18 ಎಂಎಂ ಪ್ಲೈವುಡ್ 2,900, ಕಟಿಂಗ್ 450, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಎರಡು ಸಲ ಹೋಗಿ ಬಂದ ಖರ್ಚು ಬೇರೆ. ಕೊನೆಗೆ ಕೋನನ್ನು ಬೆರಳಲ್ಲಿ ಒತ್ತಿದರೆ ಒಳಗೆ ಮರಳು ಉಜ್ಜಿದ ಹಾಗೆ ಕರಕರ ಅನ್ನುತ್ತಿತ್ತು. ರೀಕೋನ್‌ಗೆ (ಹೊಸ ಕೋನ್, ಕಾಯಿಲ್ ಹಾಕಿಸಲು) 1,600 ಕೊಟ್ಟೆ, ಮೊದಲಿನ ಸದ್ದು ಬರಲೇ ಇಲ್ಲ. ಪೋರ್ಟ್ 36 ಹರ್ಟ್ಸ್‌ಗೆ (ಸೆಕೆಂಡಿಗೆ 36 ಕಂಪನ) ಟ್ಯೂನ್ ಆಗಿತ್ತು, ಅಂದರೆ ಪೈಪಿನ ಗಾಳಿ ಅಲ್ಲೇ ಜೋರಾಗಿ ಕಂಪಿಸೋದು; ನಾನು 20 ಹರ್ಟ್ಸ್‌ವರೆಗಿನ ಸದ್ದು ಬಿಟ್ಟಿದ್ದೆ. ಟ್ಯೂನಿಂಗ್‌ಗಿಂತ ಕೆಳಗೆ ಹೋದರೆ ಒಳಗಿನ ಗಾಳಿ ಕೋನನ್ನು ಹಿಡಿಯೋದಿಲ್ಲ, ಪೈಪಲ್ಲಿ ಹಾದು ಹೋಗಿಬಿಡುತ್ತದೆ. ಈಗ 32 ಹರ್ಟ್ಸ್‌ಗೆ 24 ಡಿಬಿಯ (ಕಡಿದಾಗಿ ಇಳಿಸುವ) ಸಬ್‌ಸಾನಿಕ್ ಫಿಲ್ಟರ್ ಇದೆ, ಅದಕ್ಕಿಂತ ತಗ್ಗಿನ ಸದ್ದನ್ನು ತಡೆಯುತ್ತದೆ. ಬೋರ್ಡಿಗೆ ಬರೀ 650. ಅದನ್ನು ಮೊದಲೇ ಹಾಕದೆ ಇದ್ದದ್ದು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಧಾರವಾಡ ಸೀಲ್ಡ್: ಅದಕ್ಕೇ ಪೋರ್ಟ್ ಬೇಡ ಅನ್ನೋದು. ನಂದು 45 ಲೀಟರ್ ಸೀಲ್ಡ್ (ಪೈಪಿಲ್ಲದೆ ಪೂರ್ತಿ ಮುಚ್ಚಿದ್ದು), ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬಾಕ್ಸ್. ನಾಲ್ಕು ವರ್ಷ ಆಯಿತು, ಕೋನಿಗೆ ಒಂದು ಗೀರೂ ಇಲ್ಲ. ಒಳಗಿನ ಗಾಳಿಯೇ ಸ್ಪ್ರಿಂಗ್. ಪೈಪಿನ ಲೆಕ್ಕ, ಫಿಲ್ಟರಿನ ಲೆಕ್ಕ ಏನೂ ಬೇಡ.

ಹಾಸನ ಬೇಸ್: ಸೀಲ್ಡ್ ಆದರೆ ಬಡಿಯೋದೇ ಇಲ್ಲ ಅಂತ ಯಾರು ಹೇಳಿದ್ದು ಸರ್? ಒಂದು ಆಕ್ಟೇವ್ ಕೆಳಗೆ, ಅಂದರೆ ಹರ್ಟ್ಸ್ ಅರ್ಧಕ್ಕಿಳಿದಾಗ, ಅಷ್ಟೇ ಜೋರಾಗಿ ಬೇಕು ಅಂದರೆ ಕೋನ್ ನಾಲ್ಕು ಪಟ್ಟು ಓಡಾಡಬೇಕು. ನೀವು 25 ಹರ್ಟ್ಸ್‌ಗೆ ಎಷ್ಟು ಬೂಸ್ಟ್ ಕೊಟ್ಟಿದ್ದೀರಿ, ಅದನ್ನು ಹೇಳಿ.

ಧಾರವಾಡ ಸೀಲ್ಡ್: 6 ಡಿಬಿ. ಅದಕ್ಕೆ ನಾಲ್ಕು ಪಟ್ಟು ಪವರ್ ಬೇಕು ಅಂತ ಗೊತ್ತಿದ್ದೇ ದೊಡ್ಡ ಆಂಪ್ ತಂದೆ. ಹಳೇದರ ಔಟ್‌ಪುಟ್ ಟ್ರಾನ್ಸಿಸ್ಟರ್ ಒಮ್ಮೆ ಹೋಗಿತ್ತು, 380 ಖರ್ಚು. ವೂಫರ್ ಅಂತೂ ಉಳಿಯಿತಲ್ಲ.

ಮೈಸೂರು ಸೋಲ್ಡರ್: ನಿಮ್ಮ ಪುಣ್ಯ. ನನ್ನ ಆಂಪಲ್ಲಿ ಟ್ರಾನ್ಸಿಸ್ಟರ್ ಶಾರ್ಟ್ ಆಗಿ 40 ವೋಲ್ಟ್ ಡಿಸಿ (ಒಂದೇ ದಿಕ್ಕಿನ ಕರೆಂಟು) ನೇರವಾಗಿ ಕಾಯಿಲಿಗೆ ಹೋಯಿತು. ಧಡ್ ಅಂತ ಒಂದು ಸದ್ದು. ಕೋನ್ ಒಳಗೆ ಎಳೆದುಕೊಂಡು ಅಲ್ಲೇ ನಿಂತಿತು. ಪೋರ್ಟಿನಿಂದ ಸಣ್ಣಗೆ ಹೊಗೆ. ವಾರ್ನಿಷ್ ಸುಟ್ಟ ವಾಸನೆ ಹಾಲಿನಿಂದ ಮೂರು ದಿನ ಹೋಗಲಿಲ್ಲ, ನಮ್ಮಮ್ಮ ಇವತ್ತಿಗೂ ಹೇಳುತ್ತಾರೆ. 6,800ರ ವೂಫರ್. ಇಂಥ ಹೊತ್ತಲ್ಲಿ ಸ್ಪೀಕರ್ ಸಂಪರ್ಕ ಕಡಿದುಬಿಡುವ, ರಿಲೇ (ತಾನೇ ಆಡುವ ಸ್ವಿಚ್) ಇರುವ ಪ್ರೊಟೆಕ್ಷನ್ ಬೋರ್ಡ್ 220ಕ್ಕೆ ಸಿಗುತ್ತಿತ್ತು. ಫಿಲ್ಟರ್ ಹಾಕಿದರೆ ಸಾಕು ಅನ್ನೋರು ಇದನ್ನೂ ಓದಿ.

ಹಾಸನ ಬೇಸ್: ಸಾಕು ಅಂತ ನಾನೆಲ್ಲಿ ಹೇಳಿದೆ?

ಉಡುಪಿ ಪ್ಲೈ: ಎಂಡಿಎಫ್ ಅನ್ನೋರು ನಮ್ಮೂರಿನ ಮಳೆಗಾಲ ನೋಡಿಲ್ಲ. ಜೂನಲ್ಲಿ ಮಾಡಿದ ಬಾಕ್ಸ್, ಆಗಸ್ಟ್ ಹೊತ್ತಿಗೆ ಕೆಳಗಿನ ಅಂಚು ನೆನೆದ ಬಿಸ್ಕತ್ತಿನ ಹಾಗೆ ಊದಿತ್ತು. ಸ್ಕ್ರೂ ಹಿಡಿಯಲೇ ಇಲ್ಲ, ಜಾಯಿಂಟಲ್ಲಿ ಗಾಳಿ ಸೋರಿ ಪುಸ್ ಪುಸ್ ಅನ್ನುತ್ತಿತ್ತು. 3,100 ನೀರಲ್ಲಿ ಹೋಯಿತು. ನೀರು ತಡೆಯುವ ಮರೈನ್ ಪ್ಲೈ ಬಿಟ್ಟು ಬೇರೆ ಮುಟ್ಟಬೇಡಿ.

ಧಾರವಾಡ ಸೀಲ್ಡ್: ನೆಲಕ್ಕೆ ತಾಗಿಸಿ ಇಟ್ಟಿರುತ್ತೀರಿ, ಅಂಚಿಗೆ ಪ್ರೈಮರ್ ಹೊಡೆದಿರೋದಿಲ್ಲ. ಎಂಡಿಎಫ್ ಏನು ಮಾಡಬೇಕು ರೀ?

ಉಡುಪಿ ಪ್ಲೈ: ಎರಡು ಕೋಟ್ ಹೊಡೆದಿದ್ದೆ. ನಾಲ್ಕು ಕಾಲೂ ಇತ್ತು. ನೋಡದೆ ಮಾತಾಡಬೇಡಿ.

ತುಮಕೂರು ಹೊಸಬ: ಮೊಬೈಲಿನಿಂದ ಟೋನ್ ಹಾಕಿ, ವಾಲ್ಯೂಮ್ ಕಮ್ಮಿ ಇಟ್ಟು, 50 ಹರ್ಟ್ಸ್‌ನಿಂದ ಇಳಿಸುತ್ತಾ ಬಂದೆ. 30ರಲ್ಲಿ ಕೋನ್ ಹೆಚ್ಚುಕಮ್ಮಿ ನಿಂತೇ ಹೋಯಿತು, ಪೈಪಿನ ಬಾಯಲ್ಲಿ ಮಾತ್ರ ಜೋರು ಗಾಳಿ. 22ಕ್ಕೆ ಹುಚ್ಚು ಹಿಡಿದ ಹಾಗೆ ಕುಣಿಯಿತು. ಪೈಪು 36 ಸೆಂಟಿಮೀಟರ್. ಫಿಲ್ಟರ್ 27ಕ್ಕೆ ಇಟ್ಟರೆ ಆಗುತ್ತಾ?

ಹಾಸನ ಬೇಸ್: ಆಗುತ್ತೆ. ಇವತ್ತೇ ಹಾಕು ಮಾರಾಯ, ಅಲ್ಲಿವರೆಗೆ ಸಿನಿಮಾ ಬೇಡ.

ಧಾರವಾಡ ಸೀಲ್ಡ್: ಪೈಪಿನ ಬಾಯಿಗೆ ಮರದ ಬಿರಡೆ ಬಿಗಿಯಾಗಿ ಜಡಿದು ಒಂದು ಸಲ ಕೇಳಿ ನೋಡಿ. ಆಮೇಲೆ ಮಾತಾಡೋಣ.

ಉಡುಪಿ ಪ್ಲೈ: ಆ ಬಿರಡೆಯನ್ನಾದರೂ ಎಂಡಿಎಫಲ್ಲಿ ಮಾಡಬೇಡಿ.