5 ಎಕರೆ 12 ಗುಂಟೆ ಎರೆ ಹೊಲ, ಲೇಔಟ್ ಮಾಡುತ್ತಿದ್ದೇವೆ: ಮಳೆನೀರು ಗಟಾರ ಮಾಡಿಸಿದವರು ಅನುಭವ ಹೇಳಿ

ಮೂವರು ಅಣ್ಣತಮ್ಮ (ರಾಯಚೂರು)
ಊರಿಂದ 7 ಕಿ.ಮೀ. ದೂರದಲ್ಲಿ ನಮ್ಮ ಎರೆ ಹೊಲ ಇದೆ. ಮೂವರದೂ ಸೇರಿ 5 ಎಕರೆ 12 ಗುಂಟೆ. ಎನ್‌ಎ (ಕೃಷಿಯೇತರ ಜಮೀನು) ಆಗಿದೆ, ನಕ್ಷೆ ಒಪ್ಪಿಗೆಗೆ ಕೊಡಬೇಕು. ಈಶಾನ್ಯ ಮೂಲೆಗೆ ಹಳ್ಳ ಹರಿಯುತ್ತದೆ. ನಕ್ಷೆ ಮಾಡಿದವರು ರಸ್ತೆಯ ಎರಡೂ ಬದಿಗೆ 450 ಮಿ.ಮೀ. ಗಟಾರ, ಪಾರ್ಕಿನಲ್ಲಿ ನಾಲ್ಕು ಇಂಗುಗುಂಡಿ ತೋರಿಸಿದ್ದಾರೆ. ಪರಿಚಯದ ಗುತ್ತಿಗೆದಾರ ಮಾತ್ರ, ಗಟಾರ ಯಾಕೆ, ಪೈಪ್ ಹಾಕಿ ಮುಚ್ಚಿಬಿಡಿ, ಸೈಟು ಚೆಂದ ಕಾಣುತ್ತವೆ ಅನ್ನುತ್ತಾನೆ. ಗಟಾರವಾ, ಪೈಪಾ? ನೀರು ನಿಲ್ಲಿಸುವ ಹೊಂಡ ಬೇಕಾ? ಮಾಡಿಸಿದವರು ಹೇಳಿ.

ಬಳ್ಳಾರಿ ಬಿಸಿಲು
ಪೈಪ್ ಅಂದಿರಲ್ಲ, ಕೇಳಿ ನನ್ನ ಕಥೆ. ನನ್ನದು 4 ಎಕರೆ, ಅದೂ ಎರೆ. 600 ಮಿ.ಮೀ. ಎನ್‌ಪಿ3 ದರ್ಜೆಯ ಹ್ಯೂಮ್ (ಕಾಂಕ್ರೀಟ್) ಪೈಪ್ 380 ಮೀಟರ್ ಹಾಕಿಸಿದೆ. ಪೈಪು, ಅಗೆತ, ಜಾಯಿಂಟು, ಚೇಂಬರು ಎಲ್ಲ ಸೇರಿ 19 ಲಕ್ಷದ 40 ಸಾವಿರ. ಚೇಂಬರ್ ಮುಚ್ಚಳಕ್ಕೇ 1 ಲಕ್ಷದ 12 ಸಾವಿರ ಆಯಿತು. ಅದರಲ್ಲಿ ಆರು ಮುಚ್ಚಳ ಮೊದಲ ವರ್ಷವೇ ಕಳುವಾದವು.

ಎರೆ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಇದು ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಆದರೆ ಪೈಪಿನ ಕೆಳಗೆ ಗರಸು ಹಾಕಬೇಕು ಅಂತ ಗುತ್ತಿಗೆದಾರ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಗೆದ ಎರೆಯನ್ನೇ ಮೇಲೆ ತುಂಬಿಬಿಟ್ಟ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ 11 ಜಾಯಿಂಟು ಬಾಯಿ ಬಿಟ್ಟವು. ಆ ಬಾಯಿಂದ ಮಣ್ಣು ಒಳಗೆ ಹೋಯಿತು. ಮೇಲಿನ ರಸ್ತೆ ಕುಸಿಯಿತು. ಹೂಳು ತೆಗೆಸಲು ಜೆಟ್ಟಿಂಗ್ ಗಾಡಿ ತರಿಸಿದೆ. ಒಂದು ದಿನಕ್ಕೆ 14 ಸಾವಿರ. ಮೂರು ದಿನ ನಿಂತರೂ ಅರ್ಧ ಪೈಪು ಬಿಚ್ಚಲಿಲ್ಲ. ಕೊನೆಗೆ 140 ಮೀಟರ್ ಅಗೆದು ಹೊಸದಾಗಿ ಹಾಕಿಸಿದೆ. ಮತ್ತೆ 8 ಲಕ್ಷದ 65 ಸಾವಿರ. ಆ ವರ್ಷ ಮಗಳ ಮದುವೆ ಮುಂದೆ ಹಾಕಿದೆವು. ಇನ್ನು ನೀವೇ ಲೆಕ್ಕ ಹಾಕಿ.

ಲೆವೆಲ್ ಯಂತ್ರ
ನಾನು ಈ ಭಾಗದಲ್ಲೇ ಲೇಔಟ್ ಡಿಸೈನ್ ಮಾಡುವವನು. ಬಳ್ಳಾರಿಯವರೇ, ತಪ್ಪು ತಿಳಿಯಬೇಡಿ. ಪೈಪಿನದು ತಪ್ಪಲ್ಲ, ಲೆಕ್ಕ ಇಲ್ಲದೆ ಹಾಕಿದ್ದು ತಪ್ಪು. ಎರೆಯಲ್ಲಿ ಉಬ್ಬದ ಮಣ್ಣಿನ ಪದರ ಕೊಡಬೇಕು ಅಂತ ಐಐಟಿ ಬಾಂಬೆಯ ಆರ್.ಕೆ. ಕಟ್ಟಿ ಅವರು ದಶಕಗಳ ಹಿಂದೆಯೇ ತೋರಿಸಿದ್ದಾರೆ. ಸಿಎನ್‌ಎಸ್ ಅನ್ನುತ್ತೇವೆ. ನಮ್ಮ ಗರಸು ಒಳ್ಳೆಯದಿದ್ದರೆ ಅದೇ ಸಾಕು.

ಕೇಳಿದವರಿಗೆ ಎರಡೇ ಮಾತು. 1 ಮಿ.ಮೀ. ಮಳೆ 1 ಎಕರೆ ಮೇಲೆ ಬಿದ್ದರೆ ಸುಮಾರು 4,047 ಲೀಟರ್. ಗಂಟೆಗೆ 50 ಮಿ.ಮೀ. ಮಳೆ ಹಿಡಿಯಿರಿ. ಮನೆ, ರಸ್ತೆ ಎಲ್ಲ ಆದ ಮೇಲೆ ಬಿದ್ದದ್ದರಲ್ಲಿ ನೂರಕ್ಕೆ 70 ಪಾಲು ಹರಿಯುತ್ತದೆ ಅಂದುಕೊಳ್ಳಿ. ನಿಮ್ಮ ಜಾಗಕ್ಕೆ ಸೆಕೆಂಡಿಗೆ 208 ಲೀಟರ್. 450 ಚದರದ (ಅಗಲ, ಆಳ ಎರಡೂ 450 ಮಿ.ಮೀ.) ಗಟಾರ 500ಕ್ಕೆ 1ರ ಇಳಿಜಾರಿನಲ್ಲಿ, ಅಂದರೆ 500 ಮೀಟರಿಗೆ 1 ಮೀಟರ್ ಇಳಿದರೆ, ಮೇಲೆ 10 ಸೆಂ.ಮೀ. ಖಾಲಿ ಬಿಟ್ಟರೆ, ಸುಮಾರು 125 ಲೀಟರ್ ಒಯ್ಯುತ್ತದೆ. ಎರಡು ಬದಿ ಇದ್ದರೂ ಕೊನೆಗೆ ಹಳ್ಳಕ್ಕೆ ಒಂದೇ ಬಾಯಿ ಅಲ್ವಾ? ಅಲ್ಲಿ ಕಟ್ಟಿಕೊಳ್ಳುತ್ತದೆ. 600 ಚದರದ್ದು ಮಾಡಿದರೆ 290 ಬರುತ್ತದೆ. ಸಾಕು.

ಕಾಲುವೆ ಮನುಷ್ಯ (ನಿವೃತ್ತ)
ಸಾಕು ಅಂದವರು ಸ್ವಲ್ಪ ನಿಲ್ಲಿ. ಒಂದು, ರಾಯಚೂರಿನ ಎರೆ ನೆಲದಲ್ಲಿ 500ಕ್ಕೆ 1 ಇಳಿಜಾರು ಎಲ್ಲಿ ಸಿಗುತ್ತದೆ? ಹೊಲ ಹಲಗೆಯ ಹಾಗೆ ಇರುತ್ತದೆ. 1000ಕ್ಕೆ 1 ಸಿಕ್ಕರೆ ಪುಣ್ಯ. ಆಗ ನಿಮ್ಮ 600ರ ಗಟಾರವೂ 207 ಲೀಟರಿಗೆ ನಿಲ್ಲುತ್ತದೆ. ತಳದಲ್ಲಿ 10 ಸೆಂ.ಮೀ. ಹೂಳು ಕೂತರೆ 155. ಹೂಳು ಕೂರುವುದಿಲ್ಲ ಅನ್ನುವವರು ನಮ್ಮೂರಿಗೆ ಒಮ್ಮೆ ಬನ್ನಿ.

ಎರಡು, ಗಂಟೆಗೆ 50 ಅಂದಿರಿ. 5 ಎಕರೆಯ ನೀರು ಕೊನೆಯ ಬಾಯಿಗೆ ಬಂದು ಕೂಡಲು 10-15 ನಿಮಿಷ ಸಾಕು. ಆದ್ದರಿಂದ ನೋಡಬೇಕಾದ್ದು ಆ 15 ನಿಮಿಷದ ಬಿರುಸು. ಅದು ಗಂಟೆಯ ಸರಾಸರಿಗಿಂತ ಬಹಳ ಜಾಸ್ತಿ ಇರುತ್ತದೆ. ಕೇಂದ್ರದ 2019ರ ಮಳೆನೀರು ಚರಂಡಿ ಕೈಪಿಡಿ ಓದಿ. ದಿನದ ಮಳೆ ನೋಡಿ ಗಟಾರ ಕಟ್ಟಬೇಡಿ, ಎಷ್ಟು ನಿಮಿಷಕ್ಕೆ ಎಷ್ಟು ಬಿರುಸು ಅಂತ ತೋರಿಸುವ ಆಯಾ ಊರಿನ ಬಿರುಸು-ಅವಧಿಯ ಗೆರೆ ತೆಗೆಯಿರಿ ಅನ್ನುತ್ತದೆ. ನಾವು 31 ವರ್ಷ ಕಾಲುವೆ ಮೇಲೆ ಬೂಟು ಸವೆಸಿದವರು. ಮೊಬೈಲಿನಲ್ಲಿ ಲೆಕ್ಕ ಮಾಡಿದವರಲ್ಲ.

ಲೆವೆಲ್ ಯಂತ್ರ
ಸರ್, ನಿಮ್ಮ ಬೂಟಿನ ಮೇಲೆ ಗೌರವ ಇದೆ. ಆದರೆ 15 ನಿಮಿಷದ ಬಿರುಸು ಹಿಡಿದು ಮಾಡಿದರೆ ಗಟಾರ 750 ಆಗುತ್ತದೆ, ಮುಚ್ಚುವ ಸ್ಲ್ಯಾಬ್ ದಪ್ಪ ಆಗುತ್ತದೆ, ಮೀಟರಿಗೆ ಸಾವಿರಗಟ್ಟಲೆ ಏರುತ್ತದೆ. ಆ ದುಡ್ಡು ಯಾರು ಕೊಡುತ್ತಾರೆ? ನೀವು ಸರ್ಕಾರದ ದುಡ್ಡಲ್ಲಿ ಕಾಲುವೆ ಕಟ್ಟಿದವರು.

ಸೈಟು ನಂಬರ್ 41
ಯಾರು ಕೊಡುತ್ತಾರೆ ಅಂತ ನಾನು ಹೇಳುತ್ತೇನೆ. ನಾನು ಕೊಟ್ಟಿದ್ದೇನೆ. ಲೇಔಟಿನ ತಗ್ಗಿನ ಮೂಲೆ ನನ್ನದು. ಕೊಂಡಾಗ ಗಟಾರ 450, ಅದೂ ಅರ್ಧ ದಾರಿಗೆ ನಿಂತಿತ್ತು. ಮುಂದೆ ಯಾರದೋ ಹೊಲ. ಹೊಲದವರು ಒಡ್ಡು ಹಾಕಿದರು. ಮನೆ ಕಟ್ಟಿದ ಮೇಲೆ ರಸ್ತೆ ಎರಡು ಸಲ ಎತ್ತರಿಸಿದರು. ಈಗ ನನ್ನ ಬಾಗಿಲು ರಸ್ತೆಗಿಂತ ಒಂದೂವರೆ ಅಡಿ ಕೆಳಗೆ. ರಾತ್ರಿ ಎರಡು ಗಂಟೆಗೆ ನೀರು ಒಳಗೆ ಬಂತು. ಮೊದಲು ತೇಲಿದ್ದು ಚಪ್ಪಲಿ. ಆಮೇಲೆ ಅಕ್ಕಿ ಡಬ್ಬಿ. ನೆಲ ಎತ್ತರಿಸಲು 3 ಲಕ್ಷದ 38 ಸಾವಿರ ಹಾಕಿದೆ. ಈಗ ಬಾಗಿಲ ಚೌಕಟ್ಟು ಗಿಡ್ಡ ಆಗಿದೆ, ನೆಂಟರೆಲ್ಲ ತಲೆ ಬಗ್ಗಿಸಿ ಬರುತ್ತಾರೆ. ಮಾಡಿದವರು ಸೈಟು ಮಾರಿ ಮುಗಿಸಿ, ಫೋನು ಎತ್ತುವುದೂ ಇಲ್ಲ. ನೀವೆಲ್ಲ ಮೀಟರಿಗೆ ಎಷ್ಟು ಉಳಿಯಿತು ಅಂತ ನೋಡುತ್ತೀರಿ.

ಬಳ್ಳಾರಿ ಬಿಸಿಲು
ನಾನು ಫೋನು ಎತ್ತುತ್ತೇನೆ ಸ್ವಾಮಿ. 28 ಲಕ್ಷ ಹಾಕಿದ ಮೇಲೂ ಎತ್ತುತ್ತಿದ್ದೇನೆ.

ಗುಡ್ಡದ ಬುಡ (ಕೊಪ್ಪಳ)
ಎಲ್ಲರೂ ಎರೆ ಎರೆ ಅಂತಿದ್ದೀರಿ. ನಮ್ಮ ಕಡೆ ಕಲ್ಲು. ನನ್ನದು 3 ಎಕರೆ, ಹಿಂದೆ ಬಂಡೆ ಗುಡ್ಡ. ನಕ್ಷೆಯವರು ನನ್ನ 3 ಎಕರೆ ನೀರನ್ನಷ್ಟೇ ಲೆಕ್ಕ ಹಾಕಿದರು. ಗುಡ್ಡದಿಂದ 11 ಎಕರೆ ನೀರು ನನ್ನ ಮೇಲೇ ಇಳಿಯುತ್ತದೆ ಅನ್ನುವುದು ಕಾಗದದಲ್ಲಿ ಇರಲೇ ಇಲ್ಲ. ಬಂಡೆ ಮೇಲೆ ಬಿದ್ದದ್ದು ನಿಲ್ಲುತ್ತದಾ? ಒಂದು ಹಸ್ತ ಮಳೆಗೆ ಹೊಸ ರಸ್ತೆಯ ಗರಸೆಲ್ಲ ಕೆಳಗಿನ ಊರ ದಾರಿಗೆ ಹೋಗಿ ಬಿತ್ತು. ತಿರುಗಿ ತುಂಬಿಸಲು 96 ಟಿಪ್ಪರ್.

ಆಮೇಲೆ ನನ್ನ ಬುದ್ಧಿಯಿಂದಲೇ ಮಾಡಿದೆ. ಗುಡ್ಡದ ಬುಡಕ್ಕೆ ಅಡ್ಡಗಾಲುವೆ, ಒರಟು ಕಲ್ಲಿನದು, 210 ಮೀಟರ್. ಮೀಟರಿಗೆ 1,850ರಂತೆ 3 ಲಕ್ಷದ 88 ಸಾವಿರದ 500. ನೀರು ಜೋರಾಗಿ ಓಡಿ ತಳ ಕೊರೆಯದಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದೆ. ಸೆಕೆಂಡಿಗೆ 3 ಮೀಟರ್ ದಾಟಿದರೆ ಕಾಂಕ್ರೀಟು ಕೂಡ ಸವೆಯುತ್ತದೆ. ಎರಡು ಸೈಟು ಕಳಕೊಂಡೆ. ಹೋಗಲಿ. ಐದು ಮಳೆಗಾಲ ಆಯಿತು, ಒಂದು ಬುಟ್ಟಿ ಮಣ್ಣು ಕೆಳಗೆ ಹೋಗಿಲ್ಲ. ತೆರೆದ ಗಟಾರದ ಮುಂದೆ ಯಾವ ಪೈಪೂ ಇಲ್ಲ. ಕಣ್ಣಿಗೆ ಕಾಣುತ್ತದೆ, ಸಲಿಕೆಯಲ್ಲಿ ತೆಗೆಯಬಹುದು. ನಮ್ಮ ಹಿರೇಹಳ್ಳವನ್ನು 2019ರಲ್ಲಿ ಗವಿಮಠದ ಸ್ವಾಮೀಜಿ ಮುಂದೆ ನಿಂತು ಸ್ವಚ್ಛ ಮಾಡಿಸಿದಾಗ ನಾನೂ ಹೋಗಿದ್ದೆ. ನೀರಿಗೆ ದಾರಿ ಬಿಟ್ಟರೆ ಹೇಗೆ ಹೋಗುತ್ತದೆ ಅಂತ ಅಲ್ಲೇ ನೋಡಿದ್ದು.

ಸೈಟು ನಂಬರ್ 41
ತೆರೆದ ಗಟಾರ ಚೆಂದ ಅಂತೀರಲ್ಲ, ಹಾವು?

ಗುಡ್ಡದ ಬುಡ (ಕೊಪ್ಪಳ)
ಹಾವು ಗುಡ್ಡದಲ್ಲಿ ಮೊದಲೇ ಇತ್ತು. ನಾವೇ ಆಮೇಲೆ ಬಂದವರು.

ಭತ್ತದ ಗದ್ದೆ (ಗಂಗಾವತಿ)
ನಮ್ಮ ಕಡೆ ಕೇಸು ಬೇರೆ. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಗದ್ದೆ, 4 ಎಕರೆ 6 ಗುಂಟೆ. ಕಾಲುವೆಗೆ ನೀರು ಬಿಟ್ಟರೆ ಎರಡು ಅಡಿ ತೋಡಿದರೆ ನೀರು. ಮಳೆ ಬರುವ ಮೊದಲೇ ಗಟಾರ ಅರ್ಧ ತುಂಬಿರುತ್ತದೆ, ಬಸಿ ನೀರಿನಿಂದ. ಜವಳು ನೆಲಕ್ಕೆ ಇಂಗುಗುಂಡಿ ಬರೆದ ಪುಣ್ಯಾತ್ಮ ನನಗೂ ಸಿಕ್ಕಿದ್ದ. ಇಂಗಲು ಜಾಗ ಎಲ್ಲಿದೆ? ಎಂಟು ಗುಂಡಿಗೆ 2 ಲಕ್ಷದ 16 ಸಾವಿರ ಹೋಯಿತು. ಈಗ ಅದರಲ್ಲಿ ಕಪ್ಪೆ ಸಾಕಿದ್ದೇನೆ. ನಿಮ್ಮ ಎರೆಯಲ್ಲೂ ಅಷ್ಟೇ, ಒಮ್ಮೆ ನೆನೆದು ಬಿರುಕು ಮುಚ್ಚಿತು ಅಂದರೆ ನೀರು ಕೆಳಗಿಳಿಯಲ್ಲ.

ಆಮೇಲೆ ನೆಲ ಎತ್ತರಿಸಿದೆ. 1,140 ಟಿಪ್ಪರ್ ಗರಸು, ಒಂದಕ್ಕೆ 2,200. ಒಟ್ಟು 25 ಲಕ್ಷದ 8 ಸಾವಿರ. ಚೀಟಿ ಎಲ್ಲ ಇಟ್ಟುಕೊಂಡಿದ್ದೇನೆ. ಕೊನೆಯ 60 ಟಿಪ್ಪರಿನಲ್ಲಿ ಅರ್ಧ ಬರೀ ಕೆಮ್ಮಣ್ಣು. ನಾನು ಎತ್ತರ ಆದೆ, ಪಕ್ಕದವರ ಭತ್ತ ಮುಳುಗಿತು. ಅವರು ಸುಮ್ನೆ ಬಿಡುತ್ತಾರಾ? ಹಿರಿಯರ ಮುಂದೆ ಕೂತು 60 ಸಾವಿರ ಪರಿಹಾರ, ಜೊತೆಗೆ ಅವರ ನೀರಿಗೆ ನನ್ನ ಜಾಗದಲ್ಲಿ ಒಂದು ಮೋರಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಆಗ ನಾನು ಒಳಗೊಳಗೇ ಅಂದುಕೊಂಡೆ: ಈ ಸಲ ಕಾಲುವೆ ಒಣಗುತ್ತದೆ, ಗಟಾರದ ತಳ ಹಾಕಿಬಿಡೋಣ. ಜನ ಗದ್ದೆ ಗತಿ ಏನು ಅಂತ ಅಳುತ್ತಿದ್ದರು, ನಾನು ಸೆಂಟ್ರಿಂಗ್ ತರಿಸಿದೆ. ವಾರದಲ್ಲಿ ಸ್ಟಾಪ್‌ಲಾಗ್ (ತಾತ್ಕಾಲಿಕ ಗೇಟು) ಇಳಿಸಿದರು. ನೀರು ನಿಂತಿತು, ಕಾಲುವೆಗೂ ಬಂತು. ನನ್ನ ಸೆಂಟ್ರಿಂಗ್ ಬಾಡಿಗೆ 47 ದಿನ, ನೀರೊಳಗೆ.

ಕಾಲುವೆ ಮನುಷ್ಯ (ನಿವೃತ್ತ)
ರೈತರ ನೀರು ನಿಲ್ಲಲಿ ಅಂತ ಕಾದಿರಿ ಅನ್ನಿ. ಬಸಿಗಾಲುವೆ ಇರುವುದು ಗದ್ದೆಯ ನೀರಿಗೆ. ನಿಮ್ಮ ಲೇಔಟಿನ ನೀರಿಗಲ್ಲ.

ಭತ್ತದ ಗದ್ದೆ (ಗಂಗಾವತಿ)
ನಾನೂ ರೈತನೇ ಸರ್. ಭತ್ತದಲ್ಲಿ ಬಂದಿದ್ದರೆ ಲೇಔಟ್ ಯಾಕೆ ಮಾಡುತ್ತಿದ್ದೆ?

ಹಳ್ಳದ ದಂಡೆ
ಅಲ್ಲ, ಯಾರೂ ಹಳ್ಳದ ಮಾತೇ ಎತ್ತಲಿಲ್ಲ! ಹಳ್ಳದಿಂದ 50 ಮೀಟರ್ ಬಿಡಬೇಕು. ಹಸಿರು ಪೀಠದ ಆದೇಶ ಇದೆ. ಇವರ ಅರ್ಧ ಲೇಔಟ್ ಹೋಯಿತು.

ಲೆವೆಲ್ ಯಂತ್ರ
ಸುಮ್ನೆ ಹೆದರಿಸಬೇಡಿ. ಅದು 2016ರ ಆದೇಶ, ಬೆಂಗಳೂರಿನ ರಾಜಕಾಲುವೆಗಳದು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಇಲ್ಲಿ ನೋಡಬೇಕಾದ್ದು ನಿಮ್ಮೂರಿನ ಯೋಜನಾ ನಿಯಮ.

ಹಳ್ಳದ ದಂಡೆ
ಕೋರ್ಟು ತೆಗೆದರೆ ಹಳ್ಳ ಕೇಳುತ್ತದಾ? 2009ರಲ್ಲಿ ಎಲ್ಲಿದ್ದಿರಿ? ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ. ನಮ್ಮ ಹಳ್ಳ ಅಂದು ದಾರಿ ಬಿಟ್ಟು ಮನೆ ಹಿಂದಿನ ಬಣವೆ ತೆಗೆದುಕೊಂಡು ಹೋಯಿತು. ಅತ್ತ ಮಂತ್ರಾಲಯ ಮುಳುಗಿತ್ತು. ಆ ದಂಡೆಯಲ್ಲಿ ಈಗ ಸೈಟಿನ ಕಲ್ಲು ನೆಟ್ಟಿದ್ದಾರೆ.

ಕಾಲುವೆ ಮನುಷ್ಯ (ನಿವೃತ್ತ)
ಇಬ್ಬರೂ ಗ್ರಾಮ ನಕ್ಷೆ ನೋಡಿಲ್ಲ. ಹಳ್ಳ ಬಿ ಖರಾಬಿನಲ್ಲಿ ಬರುತ್ತದೆ. ಅದು ಸರ್ಕಾರದ್ದು, ಯಾರ ಪಾಲಿಗೂ ಸೇರದು. ಮೊದಲು ಅದರ ಅಗಲ ಅಳೆಸಿ. ಆಮೇಲೆ ಹಳ್ಳದ ತಳದ ಲೆವೆಲ್ ತೆಗೆಸಿ. ಗಟಾರದ ಬಾಯಿ ಹಳ್ಳದ ನೆರೆ ಮಟ್ಟಕ್ಕಿಂತ ಕೆಳಗಿದ್ದರೆ ಮಳೆಯಲ್ಲಿ ನೀರು ಹೊರಗೆ ಹೋಗಲ್ಲ, ಒಳಗೆ ಬರುತ್ತದೆ. ಇದನ್ನು ಮೊದಲ ದಿನವೇ ಹೇಳಬೇಕಿತ್ತು. ಬೂಟಿನ ಜಗಳದಲ್ಲಿ ಮರೆತೆ.

ಲೆವೆಲ್ ಯಂತ್ರ
ಇದನ್ನು ಒಪ್ಪುತ್ತೇನೆ. ಹೊಂಡದ ಲೆಕ್ಕ ಕೂಡ ಸೇರಿಸುತ್ತೇನೆ. ಹೊಲವಾಗಿದ್ದಾಗ ಬಿದ್ದದ್ದರಲ್ಲಿ 40 ಪಾಲು ಹರಿಯುತ್ತಿತ್ತು ಅಂದುಕೊಂಡರೆ ಸೆಕೆಂಡಿಗೆ 119 ಲೀಟರ್. ಈಗ 208. ಹೆಚ್ಚಾದ 89 ಲೀಟರನ್ನು ಒಂದು ಗಂಟೆ ಹಿಡಿದಿಡಲು ಸುಮಾರು 320 ಘನ ಮೀಟರ್ ಹೊಂಡ ಬೇಕು. ಒಂದು ಮೀಟರ್ ಆಳ ಅಂದರೆ 30×40ರ ಮೂರು ಸೈಟು. ಪಾರ್ಕಿನಲ್ಲೇ ತಗ್ಗು ಮಾಡಿದರೆ ಸೈಟು ಉಳಿಯಬಹುದು, ಆದರೆ ಕಚೇರಿಯವರು ಒಪ್ಪುತ್ತಾರೋ ಕೇಳಿಕೊಳ್ಳಿ. ನಂದೊಂದು ಕೇಸಿನಲ್ಲಿ ಪಾರ್ಕು ಪಾರ್ಕಾಗಿಯೇ ಇರಲಿ ಅಂತ ಏಳು ತಿಂಗಳು ಕಡತ ನಿಲ್ಲಿಸಿದ್ದರು.

ಬಳ್ಳಾರಿ ಬಿಸಿಲು
ನಿಮ್ಮ ಕೇಸಿನಲ್ಲಿ ಕಡತ ನಿಂತಿತು. ನನ್ನ ಕೇಸಿನಲ್ಲಿ ನೀರು ನಿಂತಿತು. ಒಂದು ಮಾತು ಕೇಳುತ್ತೇನೆ, ಲೆಕ್ಕ ಇಲ್ಲದೆ ಹಾಕಿದ್ದು ತಪ್ಪು ಅಂದಿರಲ್ಲ. ಲೆಕ್ಕ ಮಾಡಿಕೊಟ್ಟವರೂ ಒಬ್ಬ ಇಂಜಿನಿಯರೇ. 35 ಸಾವಿರ ಫೀಸು ತಗೊಂಡಿದ್ದರು. ಅದನ್ನು ಮೊದಲು ಹೇಳಲಿಲ್ಲ, ಮರ್ಯಾದೆಗೆ.

ಮೂವರು ಅಣ್ಣತಮ್ಮ (ರಾಯಚೂರು)
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಲೆವೆಲ್ ತೆಗೆಸಿದೆವು. ನಮ್ಮ ಮೂಲೆಗೂ ಹಳ್ಳದ ತಳಕ್ಕೂ 35 ಸೆಂ.ಮೀ. ಅಷ್ಟೇ ವ್ಯತ್ಯಾಸ. 450ರ ಗಟಾರ ಮಾಡಿದರೂ ಅದರ ತಳ ಹಳ್ಳದ ತಳಕ್ಕಿಂತ ಕೆಳಗೆ ಹೋಗುತ್ತದೆ. ನಕ್ಷೆಯವರನ್ನು ಕೇಳಿದರೆ ಹಳ್ಳ ಹೂಳೆತ್ತಿದಾಗ ಸರಿಹೋಗುತ್ತದೆ ಅಂದರು. ನೆಲ ಎತ್ತರಿಸಬೇಕು, ಹೊಂಡವೂ ಬೇಕು ಅನ್ನಿಸುತ್ತಿದೆ. ಹೊಂಡದ ಮೂಲೆ ಬರುವುದು ಸಣ್ಣ ತಮ್ಮನ ಪಾಲಿನಲ್ಲಿ. ಮೂರು ದಿನದಿಂದ ಮನೆಯಲ್ಲಿ ಮಾತಿಲ್ಲ.

ಭತ್ತದ ಗದ್ದೆ (ಗಂಗಾವತಿ)
ನಮ್ಮಲ್ಲಿ ನಾಲ್ಕು ತಿಂಗಳು ಇರಲಿಲ್ಲ. ಗರಸು ತರಿಸುವಾಗ ಟಿಪ್ಪರ್ ಎಣಿಸಲು ಆ ತಮ್ಮನನ್ನೇ ನಿಲ್ಲಿಸಿ. ಕೊನೆಯ 60 ನೋಡಿಕೊಳ್ಳಲಿ.