ದೂರದ ಹಳ್ಳಿಯ ಮೆಷಿನ್ ಶಾಪ್‌ಗೆ ಸೆಟ್ಟರ್ ಕೆಲಸಕ್ಕೆ ಕರೀತಿದ್ದಾರೆ, ಹೋಗಬಹುದಾ ಸರ್?

ಪ್ರಶ್ನೆ:
ನಮಸ್ಕಾರ ಸರ್. ದೊಡ್ಡ ಊರಿನ ಕಂಪನಿಯೊಂದರಲ್ಲಿ 9 ವರ್ಷದಿಂದ ಇದ್ದೀನಿ. ಮೊದಲು ಸಿಎನ್‌ಸಿ (ಕಂಪ್ಯೂಟರ್ ನಡೆಸೋ) ಲೇತ್ ಆಪರೇಟರ್, ಈಗ 6 ವರ್ಷದಿಂದ ವಿಎಂಸಿ (ಕಂಪ್ಯೂಟರ್ ನಡೆಸೋ ಮಿಲ್ಲಿಂಗ್ ಮೆಷಿನ್) ಸೆಟ್ಟರ್, ಅಂದರೆ ಟೂಲ್, ಅಳತೆ ಹೊಂದಿಸಿ ಮೆಷಿನ್ ರೆಡಿ ಮಾಡೋನು. ಪಟ್ಟಣದಿಂದ ಬಹಳ ದೂರ ಇರೋ ಒಂದು ಸಣ್ಣ ಶಾಪ್‌ನಿಂದ ಕರೆ ಬಂದಿದೆ. ಅಲ್ಲಿರೋದು 6 ಮೆಷಿನ್. ಸಂಬಳ ಈಗಿನದಕ್ಕಿಂತ ಸ್ವಲ್ಪ ಜಾಸ್ತಿ, ಇರೋದಕ್ಕೆ ಮನೇನೂ ಕೊಡ್ತಾರಂತೆ. ಹೆಂಡತಿಗೆ ಇಲ್ಲೇ ಕೆಲಸ ಇದೆ, ಮಗ ಎರಡನೇ ಕ್ಲಾಸು. ಓನರ್ ಫೋನಿನಲ್ಲೇ ಮಾತಾಡಿ ‘ಒಂದನೇ ತಾರೀಖು ಬಂದುಬಿಡಿ’ ಅಂದಿದ್ದಾರೆ. ಹೋಗಬಹುದಾ? ಹೋಗೋ ಮುಂಚೆ ಏನೇನು ವಿಚಾರಿಸಬೇಕು?

ಉತ್ತರ:
ಒಂದನೇ ತಾರೀಖಿಗೆ ಗಂಟುಮೂಟೆ ಕಟ್ಟಬೇಡಿ. ಎರಡು ದಿನ ರಜೆ ಹಾಕಿ ಹೋಗಿ, ಒಂದು ಪೂರ್ತಿ ಶಿಫ್ಟ್ ಆ ಶಾಪ್ ಫ್ಲೋರ್ ಮೇಲೆ ನಿಂತು ನೋಡಿ ಬನ್ನಿ. ಆಫೀಸ್ ರೂಮಿನಲ್ಲಿ ಕೂರಿಸಿ ಮಾತಾಡಿಸಿ ಕಳಿಸಿದರೆ ಒಪ್ಪಬೇಡಿ. ನಾನು ಈ ಕಸುಬಿಗೆ ಬಂದು 26 ವರ್ಷ, ಅದರಲ್ಲಿ 14 ವರ್ಷ ಇಂಥದ್ದೇ ಒಂದು ಶಾಪ್‌ನಲ್ಲಿ ಕಳೆದಿದ್ದೀನಿ. ಹೋಗಿದ್ದಕ್ಕೆ ಇವತ್ತಿಗೂ ಬೇಸರವಿಲ್ಲ. ಆದರೆ ನೋಡದೆ ಹೋಗಿದ್ದು ತಪ್ಪಾಯಿತು.

ಈಗ ನಿಮ್ಮ ಕಂಪನಿಯಲ್ಲಿ ಪ್ರೋಗ್ರಾಂ ಬರೆಯೋಕೆ ಒಬ್ಬರು, ಅಳೆಯೋಕೆ ಕ್ವಾಲಿಟಿಯವರು, ಅಲಾರಂ ಬಂದರೆ ಓಡಿಬರೋಕೆ ಮೆಂಟೆನೆನ್ಸ್‌ನವರು ಇದ್ದಾರೆ. ಅಲ್ಲಿ ಆ ಮೂರೂ ಕೆಲಸ ನಿಮ್ಮ ತಲೆ ಮೇಲೇ ಬೀಳುತ್ತೆ. ಕೈ ಪಳಗೋದಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ, ನಾನು ಪ್ರೋಗ್ರಾಂ ಕಲಿತದ್ದೇ ಹಾಗೆ. ಆದರೆ ನೀವು ಮಾಡಿದ ತಪ್ಪನ್ನು ಹಿಡಿಯೋಕೆ ಹಿಂದೆ ಯಾರೂ ಇರೋದಿಲ್ಲ. ಹಾಕಿದ ಆಫ್‌ಸೆಟ್ (ಟೂಲ್‌ನ ಸ್ಥಾನ ಸರಿಹೊಂದಿಸೋಕೆ ಮೆಷಿನ್‌ಗೆ ಕೊಡೋ ಅಳತೆ) ತಪ್ಪಾಗಿದ್ದರೆ ಅದು ಗೊತ್ತಾಗೋದು ಕಸ್ಟಮರ್ ಹತ್ತಿರ ಲಾಟ್ ಹೋದ ಮೇಲೆ.

ಒಂದು ಉದಾಹರಣೆ ಹೇಳ್ತೀನಿ. ಹೋದ ಮೊದಲ ತಿಂಗಳೇ, ಬೋರಿಂಗ್ ಬಾರ್‌ನಲ್ಲಿ (ತೂತು ದೊಡ್ಡದು ಮಾಡೋ ಟೂಲ್) ಇನ್ಸರ್ಟ್, ಅಂದರೆ ಕತ್ತರಿಸೋ ಸಣ್ಣ ಬಿಲ್ಲೆ, ಹಿಡಿಯೋ ಸಣ್ಣ ಟಾರ್ಕ್ಸ್ (ನಕ್ಷತ್ರದಾಕಾರದ ಗುಳಿಯ) ಸ್ಕ್ರೂ ತಲೆ ಸವೆದು ಕೀ ಸುತ್ತೋಕೆ ಶುರುವಾಯಿತು. ಬೆರಳ ತುದಿಯಲ್ಲಿ ಕೂರುವಷ್ಟು ಸ್ಕ್ರೂ ಅದು. ಹಳೆ ಕಂಪನಿಯಲ್ಲಾದರೆ ಸ್ಟೋರ್‌ಗೆ ಹೋಗಿ ಎರಡು ನಿಮಿಷದಲ್ಲಿ ತರ್ತಿದ್ದೆ. ಇಲ್ಲಿ ಅದಕ್ಕೆ ಜೋಡಿ ಇರಲಿಲ್ಲ, ಕೊರಿಯರ್ ಬರೋಕೆ ಮೂರು ದಿನ. ಮೆಷಿನ್ ನಿಂತಿದೆ, ಅರ್ಧ ಬೋರ್ ಆದ ಜಾಬ್ (ತಯಾರಾಗ್ತಿರೋ ಪೀಸ್) ಚಕ್‌ನಲ್ಲೇ ಇದೆ, ಓನರ್ ಗಳಿಗೆಗೊಮ್ಮೆ ಬಂದು ನೋಡಿ ಏನೂ ಹೇಳದೆ ವಾಪಸ್ ಹೋಗ್ತಾರೆ. ಆ ಮೂರು ದಿನ ನನಗೆ ನಿದ್ದೆ ಬರಲಿಲ್ಲ. ಅವತ್ತಿನಿಂದ ಒಂದು ತಗಡಿನ ಡಬ್ಬಿ ಇಟ್ಟುಕೊಂಡಿದ್ದೀನಿ. ಇನ್ಸರ್ಟ್ ಸ್ಕ್ರೂ, ಶಿಮ್, ಟಾರ್ಕ್ಸ್ ಕೀ, ಒ-ರಿಂಗ್, ಫ್ಯೂಸ್, ಎನ್‌ಕೋಡರ್ ಬ್ಯಾಟರಿ, ಎಲ್ಲ ಅದರಲ್ಲಿ. ಬ್ಯಾಟರಿ ಅಂದೆ, ಅದನ್ನೊಂದು ಮರೀಬೇಡಿ. ಮೆಷಿನ್ ಆಫ್ ಇರುವಾಗ ಆ ಬ್ಯಾಟರಿ ಪೂರ್ತಿ ಸತ್ತರೆ ಆಕ್ಸಿಸ್‌ಗಳ ರೆಫರೆನ್ಸ್ ಪೊಸಿಷನ್ ಹೋಗಿಬಿಡುತ್ತೆ, ಅಂದರೆ ಯಾವ ಆಕ್ಸಿಸ್ ಎಲ್ಲಿದೆ ಅನ್ನೋ ಲೆಕ್ಕವೇ ಮೆಷಿನ್‌ಗೆ ತಪ್ಪುತ್ತೆ. ಸರ್ವೀಸ್ ಇಂಜಿನಿಯರ್ ಬರೋಕೆ ವಾರ ಹಿಡಿಯುವ ಜಾಗದಲ್ಲಿ ಅದು ದೊಡ್ಡ ಹೊಡೆತ. ಪ್ಯಾರಾಮೀಟರ್ ಬ್ಯಾಕಪ್ (ಮೆಷಿನ್‌ನ ಒಳಗಿನ ಸೆಟ್ಟಿಂಗ್‌ಗಳ ನಕಲು) ಇದೆಯಾ, ಯಾವಾಗ ತೆಗೆದಿದ್ದು ಅಂತ ಕೇಳಿ. ಉತ್ತರ ಸಿಗದಿದ್ದರೆ, ಸೇರಿದ ಮೊದಲ ವಾರ ಅದೇ ನಿಮ್ಮ ಕೆಲಸ.

ಫ್ಲೋರ್ ಮೇಲೆ ನಿಂತಾಗ ಗೇಜ್‌ಗಳನ್ನು ಎಲ್ಲಿಟ್ಟಿದ್ದಾರೆ ನೋಡಿ. ಡ್ರಾಯಿಂಗ್‌ನಲ್ಲಿರೋ ಅಳತೆ 20 ಡಿಗ್ರಿಗೆ ಅನ್ನೋದು ನಿಮಗೆ ಗೊತ್ತೇ ಇದೆ. ತಗಡಿನ ಶೆಡ್‌ನಲ್ಲಿ ಮಧ್ಯಾಹ್ನ 32 ಡಿಗ್ರಿ ಆಯಿತು ಅಂದುಕೊಳ್ಳಿ. 100 ಮಿಲಿಮೀಟರ್ ಸ್ಟೀಲ್ ಜಾಬ್ ಸುಮಾರು 14 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಹಿಗ್ಗುತ್ತೆ, ಅಲ್ಯೂಮಿನಿಯಂ ಆದರೆ ಹತ್ತಿರ ಹತ್ತಿರ 28. ಆ ಸೈಜ್‌ಗೆ ಎಚ್7 ದರ್ಜೆಯ ಬೋರ್‌ನ (ತೂತಿನ) ಟಾಲರೆನ್ಸ್, ಅಂದರೆ ಅಳತೆ ಏರುಪೇರಿಗೆ ಇರೋ ಅವಕಾಶ, ಒಟ್ಟು 35 ಮೈಕ್ರಾನ್. ಸ್ಟೀಲ್ ಜಾಬ್, ಸ್ಟೀಲ್ ಗೇಜ್, ಎರಡೂ ಒಂದೇ ಬಿಸಿಯಲ್ಲಿದ್ದರೆ ಒಂದಕ್ಕೊಂದು ಸರಿಹೋಗುತ್ತೆ. ಅಲ್ಯೂಮಿನಿಯಂ ಆದಾಗ, ಇಲ್ಲವೇ ಈಗಷ್ಟೇ ಮೆಷಿನ್‌ನಿಂದ ಇಳಿಸಿದ ಬಿಸಿ ಜಾಬ್ ಅಳೆದಾಗ ಮೋಸ ಹೋಗ್ತೀರಿ. ಬೆಳಗ್ಗೆ ಓಕೆ ಆದ ಸೆಟ್ಟಿಂಗ್ ಮಧ್ಯಾಹ್ನ ರಿಜೆಕ್ಷನ್ ಕೊಡೋದು ಹೀಗೇ. ಅಳತೆಗೆ ಬೇರೆ ಕೋಣೆ ಇರಲೇಬೇಕು ಅಂತಿಲ್ಲ. ಜಾಬ್ ತಣಿಯೋಕೆ ಒಂದು ಸರ್ಫೇಸ್ ಪ್ಲೇಟ್, ಬೋರ್ ಗೇಜ್ ಜೀರೋ ಮಾಡೋಕೆ ಒಂದು ಸೆಟ್ಟಿಂಗ್ ರಿಂಗ್ (ನಿಖರ ಅಳತೆಯ ಉಂಗುರ) ಇದ್ದರೆ ಕೆಲಸ ನಡೆಸಬಹುದು.

ಕರೆಂಟ್ ವಿಚಾರ ಓನರ್ ಹತ್ತಿರ ಕೇಳಬೇಡಿ, ಆಪರೇಟರ್ ಹುಡುಗರನ್ನ ಕೇಳಿ. ಕಟ್ ನಡೀತಿರುವಾಗ ಪವರ್ ಹೋದರೆ ಇನ್ಸರ್ಟೂ ಹೋಗುತ್ತೆ, ಜಾಬೂ ಹೋಗುತ್ತೆ. ಸರ್ವೋ ಸ್ಟೆಬಿಲೈಸರ್ ಇದೆಯಾ, ಅರ್ಥಿಂಗ್ ಯಾವಾಗ ಚೆಕ್ ಮಾಡಿಸಿದ್ದು, ತಿಳ್ಕೊಳ್ಳಿ. ಕೂಲೆಂಟ್ ಟ್ಯಾಂಕ್ ಮುಚ್ಚಳ ಎತ್ತಿ ವಾಸನೆ ನೋಡಿ. ಗಡಸು ನೀರು ಹಾಕ್ತಿದ್ದರೆ ಮೇಲೆ ಕೆನೆ ಕಟ್ಟಿರುತ್ತೆ, ಎಣ್ಣೆ ಬೇರೆ ಆಗಿರುತ್ತೆ, ಮೆಷಿನ್ ತುಕ್ಕು ಹಿಡಿಯುತ್ತೆ. ಹಾಗಿದ್ದರೆ ಉಳಿದದ್ದನ್ನು ಹೇಗೆ ನೋಡಿಕೊಳ್ತಾರೆ ಅನ್ನೋದೂ ಅಂದಾಜಾಗುತ್ತೆ.

ಕೊನೇದು, ಎಷ್ಟು ಕಸ್ಟಮರ್ ಇದ್ದಾರೆ ಕೇಳಿ. 6 ಮೆಷಿನ್‌ನಲ್ಲಿ 5 ಒಬ್ಬನೇ ಕಸ್ಟಮರ್‌ಗೆ ಓಡ್ತಿದ್ದರೆ, ಆ ಒಬ್ಬನ ಆರ್ಡರ್ ನಿಂತ ದಿನ ನಿಮ್ಮ ಸಂಬಳವೂ ನಿಲ್ಲುತ್ತೆ. ದೊಡ್ಡ ಊರಲ್ಲಾದರೆ ಪಕ್ಕದ ಗೇಟ್ ತಟ್ಟಬಹುದಿತ್ತು, ಅಲ್ಲಿ ಪಕ್ಕದಲ್ಲಿ ಇನ್ನೊಂದು ಗೇಟೇ ಇರೋದಿಲ್ಲ.

ಇನ್ನೊಬ್ಬ ಸದಸ್ಯೆಯ ಪ್ರಶ್ನೆ:
ಸರ್, ನಮ್ಮ ಯಜಮಾನರಿಗೂ ಇಂಥದ್ದೇ ಆಫರ್ ಬಂದಿದೆ. ಮೆಷಿನ್ ವಿಚಾರ ಅವರು ನೋಡ್ಕೋತಾರೆ. ಮನೆ ಕೊಡ್ತಾರೆ ಅನ್ನೋದನ್ನ ಎಷ್ಟು ನಂಬಬಹುದು?

ಉತ್ತರ:
ಮೇಡಂ, ಮನೆ ಕೊಡೋದು ನಿಜವೇ ಇರಬಹುದು. ಆದರೆ ಕೆಲಸ ಬಿಟ್ಟ ದಿನ ಮನೇನೂ ಬಿಡಬೇಕಾಗುತ್ತೆ. ಮನೆ ಖಾಲಿ ಮಾಡೋಕೆ ಕನಿಷ್ಠ ಎರಡು ತಿಂಗಳ ಸಮಯ ಅಂತ ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಿ. ಬಾಯಿಮಾತು ಬೇಡ. ಇನ್ನೊಂದು, ಕಣ್ಣಿನ ಡಾಕ್ಟರ್ ಎಷ್ಟು ದೂರದಲ್ಲಿದ್ದಾರೆ ಅಂತ ಇಬ್ಬರೂ ಸೇರಿ ವಿಚಾರಿಸಿ. ಚಿಪ್ ಸಿಡಿದು ಕಣ್ಣಿಗೆ ಬಿದ್ದಾಗ ದಾರಿಯಲ್ಲಿ ಕಳೆಯೋ ಒಂದೊಂದು ಗಂಟೆಗೂ ಬೆಲೆ ಇದೆ. ರಾತ್ರಿ ಶಿಫ್ಟ್‌ನಲ್ಲಿ ಗಾಡಿ ಇರುತ್ತಾ, ಒಬ್ಬರನ್ನೇ ಬಿಡ್ತಾರಾ ಅಂತಲೂ ಕೇಳಿ. ರಾತ್ರಿ ಒಬ್ಬನೇ ಮೆಷಿನ್ ಓಡಿಸಬೇಕು ಅಂದರೆ ನಾನಾದರೆ ಒಪ್ಪೋದಿಲ್ಲ, ಸಂಬಳ ಎಷ್ಟೇ ಇರಲಿ. ನಿಮ್ಮ ಕೆಲಸ, ಮಕ್ಕಳ ಸ್ಕೂಲು, ಇವನ್ನ ‘ಹೋದ ಮೇಲೆ ನೋಡೋಣ’ ಅಂತ ತಳ್ಳಬೇಡಿ. ಗಂಡನಿಗೆ ಕೆಲಸ ಚೆನ್ನಾಗಿ ಹಿಡಿಸಿದ್ದರೂ ಮನೆಯವರಿಗೆ ದಿನ ಕಳೆಯೋದೇ ಕಷ್ಟವಾಗಿ ವಾಪಸ್ ಹೋದವರನ್ನ ನಾನು ಕಂಡಿದ್ದೀನಿ.

ಮತ್ತೊಬ್ಬರ ಪ್ರಶ್ನೆ:
ಅಣ್ಣಾ, ನಂದು ಎರಡೇ ವರ್ಷ ಅನುಭವ, ಆಪರೇಟರ್. ನಾನೂ ಹೋದರೆ ಬೇಗ ಸೆಟ್ಟರ್ ಆಗಬಹುದಲ್ವಾ?

ಉತ್ತರ:
ಹೆಸರಿಗೆ ಆಗ್ತೀಯ ತಮ್ಮಾ. ಅಲ್ಲಿ ಕೈ ಹಿಡಿದು ಕಲಿಸೋ ಹಿರಿಯರು ಒಬ್ಬರಾದರೂ ಇದ್ದರೆ ಖಂಡಿತ ಹೋಗು, ದೊಡ್ಡ ಕಂಪನಿಯಲ್ಲಿ ಸಿಗದ ವಿದ್ಯೆ ಸಿಗುತ್ತೆ. ಯಾರೂ ಇಲ್ಲ, ನೀನೇ ಎಲ್ಲಾ ಅಂದರೆ ಇನ್ನೂ ಎರಡು ಮೂರು ವರ್ಷ ಇಲ್ಲೇ ಇರು. ಸ್ಪಿಂಡಲ್ ಒಂದ್ಸಲ ಗುದ್ದಿದರೆ ಅದರ ಭಯ ಬಹಳ ದಿನ ಕೈಯಲ್ಲಿ ಉಳಿಯುತ್ತೆ.

ಮೊದಲು ಕೇಳಿದವರು, ಎರಡು ವಾರದ ನಂತರ:
ಸರ್, ಹೋಗಿ ಬಂದೆ. ಒಂದು ಶಿಫ್ಟ್ ನಿಂತೆ. ಬೋರ್ ಗೇಜ್ ಇದೆ, ಸೆಟ್ಟಿಂಗ್ ರಿಂಗ್ ಇಲ್ಲ, ಮೈಕ್ರೋಮೀಟರ್‌ಗೇ ಹಿಡಿದು ಜೀರೋ ಮಾಡ್ತಾರೆ. ಬ್ಯಾಕಪ್ ಯಾರಿಗೂ ಗೊತ್ತಿಲ್ಲ. ಕರೆಂಟ್ ದಿನಕ್ಕೆ ಎರಡು ಸಲ ಹೋಗುತ್ತೆ ಅಂದರು ಹುಡುಗರು, ಸ್ಟೆಬಿಲೈಸರ್ ಇದೆ. ಕಸ್ಟಮರ್ ನಾಲ್ಕು ಜನ. ನಾನು ಕೇಳೋ ಮುಂಚೆಯೇ ಓನರ್ ಕೆಂಪು ಬಿನ್ ಹತ್ತಿರ ಕರ್ಕೊಂಡು ಹೋಗಿ ಒಂದೊಂದು ರಿಜೆಕ್ಟ್ ಪೀಸ್ ಎತ್ತಿ ತೋರಿಸಿದರು, ‘ಇದು ಯಾಕೆ ಹೀಗಾಗ್ತಿದೆ ಅಂತ ನಮಗೆ ಗೊತ್ತಾಗ್ತಿಲ್ಲ’ ಅಂದರು.

ಉತ್ತರ:
ರಿಜೆಕ್ಷನ್ ಬಿನ್ ತಾವಾಗೇ ತೋರಿಸಿದರು ಅಂದರೆ ನಾನಾದರೆ ಹೋಗ್ತೀನಿ. ಬಚ್ಚಿಡೋರ ಹತ್ತಿರ ದುಡಿಯೋದೇ ಕಷ್ಟ. ಸೆಟ್ಟಿಂಗ್ ರಿಂಗ್ ಮತ್ತು ಬ್ಯಾಟರಿ ಸೆಟ್‌ಗಳ ಪಟ್ಟಿ ಮಾಡಿ, ಸೇರೋ ಮುಂಚೆ ತರಿಸಿ ಅಂತ ಹೇಳಿ. ಮೊದಲ ಮೂರು ತಿಂಗಳು ನೀವೊಬ್ಬರೇ ಹೋಗಿ, ಇಲ್ಲಿನ ಮನೆ, ಹೆಂಡತಿ ಕೆಲಸ, ಮಗನ ಸ್ಕೂಲು ಹಾಗೇ ಇರಲಿ. ಬ್ಯಾಟರಿ ಬಂದ ದಿನ ಮೊದಲು ಬ್ಯಾಕಪ್ ತೆಗೀರಿ. ಆಮೇಲೆ ಆಯಾ ಮೆಷಿನ್‌ನ ಮ್ಯಾನ್ಯುಯಲ್ ನೋಡಿಕೊಂಡೇ ಬದಲಾಯಿಸಿ, ಬಹಳಷ್ಟು ಕಂಟ್ರೋಲ್‌ಗಳಲ್ಲಿ ಅದನ್ನ ಪವರ್ ಆನ್ ಇರುವಾಗಲೇ ಹಾಕಬೇಕು. ಆ ಬಿನ್‌ನಲ್ಲಿದ್ದ ಪೀಸ್‌ಗಳು ಅಲ್ಯೂಮಿನಿಯಮ್ಮಾ, ಸ್ಟೀಲಾ? ಮಧ್ಯಾಹ್ನದ ಲಾಟಾ? ಬರೆದು ಹಾಕಿ, ನೋಡೋಣ.