ಮೊರಾಕೊ ಹಮ್ಮಾಮ್: ಹೋಟೆಲ್ ಪ್ಯಾಕೇಜ್ ತಗೊಳ್ಳೋದಾ, ಓಣಿಯ ಸ್ನಾನದ ಮನೆಗೆ ಹೋಗೋದಾ?

ಸರಸ್ವತಿಪುರಂ ಸೊಸೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನವೆಂಬರ್‌ನಲ್ಲಿ ಮೊರಾಕೊಗೆ ಹೊರಟಿದ್ದೇವೆ. ನಾನು, ನಮ್ಮತ್ತೆ, ನಾದಿನಿ, ಜೊತೆಗೆ ನನ್ನ ಏಳು ವರ್ಷದ ಮಗ. ಮೊದಲು ಮರಕೇಶ್, ಆಮೇಲೆ ಫೆಸ್. ಮನೆಯ ಗಂಡಸರು ಯಾರೂ ಬರುತ್ತಿಲ್ಲ.

ನಾವು ಉಳಿಯುವುದು ರಿಯಾದ್‌ನಲ್ಲಿ. ಅಂದರೆ ನಡುವೆ ಅಂಗಳ ಇರುವ ಹಳೇ ಮನೆ, ಈಗ ಲಾಡ್ಜ್ ಮಾಡಿದ್ದಾರೆ. ಅವರೇ ‘ಹಮ್ಮಾಮ್ ಮತ್ತು ಮಸಾಜ್’ (ಬಿಸಿ ಕೋಣೆಯಲ್ಲಿ ಮೈ ಉಜ್ಜಿಸಿಕೊಳ್ಳುವ ಸ್ನಾನ, ಆಮೇಲೆ ಮಸಾಜ್) ಅಂತ ತಲೆಗೆ 450 ದಿರ್ಹಮ್ ಹೇಳುತ್ತಿದ್ದಾರೆ. ನಮ್ಮ ದುಡ್ಡಲ್ಲಿ ನಾಲ್ಕು ಸಾವಿರದ ಹತ್ತಿರ ಆಗುತ್ತೆ. ನಾದಿನಿಯ ಸ್ನೇಹಿತೆ ಮಾತ್ರ, ‘ಅದೆಲ್ಲ ಟೂರಿಸ್ಟ್‌ಗಳಿಗೆ, ಓಣಿಯ ಹಮ್ಮಾಮ್‌ಗೆ ಹೋಗಿ, ಇಪ್ಪತ್ತು ದಿರ್ಹಮ್’ ಅನ್ನುತ್ತಾಳೆ.

ಕೇಳಬೇಕಾಗಿದ್ದು ಇಷ್ಟು. ಅಲ್ಲಿ ಬಟ್ಟೆ ಎಷ್ಟರ ಮಟ್ಟಿಗೆ ಬಿಚ್ಚಬೇಕು? ಅತ್ತೆ ಈ ವಿಷಯದಲ್ಲಿ ತುಂಬಾ ಸಂಕೋಚದವರು, ಬಿಪಿ ಮತ್ತು ಮಂಡಿನೋವು ಬೇರೆ ಇದೆ. ಮೈ ಉಜ್ಜುವವರು ಚರ್ಮ ಕಿತ್ತು ಬರುವ ಹಾಗೆ ಉಜ್ಜುತ್ತಾರೆ ಅಂತಾರೆ, ನಿಜಾನಾ? ಮಸಾಜ್ ಚೆನ್ನಾಗಿರುತ್ತಾ? ಮಗನನ್ನು ಏನು ಮಾಡೋದು?

ತಿಪಟೂರಿನವಳು, ಈಗ ರಬಾತ್ ಉತ್ತರ:

ನಾನು ರಬಾತ್‌ನಲ್ಲಿ ಇರುವವಳು, ಯಜಮಾನರ ಕೆಲಸ ಇಲ್ಲೇ. ಪಕ್ಕದ ಮನೆಯ ಹೆಂಗಸಿನ ಜೊತೆ ಓಣಿಯ ಹಮ್ಮಾಮ್‌ಗೆ ಹೋಗುವುದು ನನಗೆ ಈಗ ರೂಢಿ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ನೀವು ಮತ್ತು ನಾದಿನಿ ಓಣಿಯದಕ್ಕೆ ಹೋಗಿ. ಅತ್ತೆಗೆ ರಿಯಾದ್‌ನದನ್ನೇ ಮಾಡಿಸಿ. ಮಸಾಜ್‌ಗೆ ಅಂತ ಯಾರೂ ದುಡ್ಡು ಕೊಡಬೇಡಿ.

ಯಾಕೆ ಅಂದರೆ, ಹಮ್ಮಾಮ್‌ನಲ್ಲಿ ಕೆಲಸ ಮಾಡುವುದು ಕಾವು. ಉಜ್ಜುವ ಕೈ ಆಮೇಲೆ. ರಿಯಾದ್‌ಗಳಲ್ಲಿ ಇರುವುದು ಸಾಮಾನ್ಯವಾಗಿ ಒಂದು ಪುಟ್ಟ ಕೋಣೆ, ನುಣುಪಾದ ಗೋಡೆ, ಮಲಗಲು ಒಂದು ಕಲ್ಲಿನ ಕಟ್ಟೆ. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಸಿ ಪುದೀನಾ ಚಹಾ ಕೈಗೆ ಕೊಡುತ್ತಾರೆ. ಮೈ ನೆನೆಯುವಷ್ಟು ಹೊತ್ತು ಅಲ್ಲಿ ಸಿಗುವುದಿಲ್ಲ. ನೆನೆಯದ ಮೈಯನ್ನು ಎಷ್ಟು ಉಜ್ಜಿದರೂ ಅಷ್ಟಕ್ಕಷ್ಟೆ. ಉರಿ ಬರುತ್ತೆ, ಕೊಳೆ ಬರಲ್ಲ.

ಓಣಿಯ ಹಮ್ಮಾಮ್ ಬೇರೆಯೇ. ಹಳೇ ಊರುಗಳಲ್ಲಿ ಪ್ರತಿ ಕೇರಿಗೂ ಒಂದು ಮಸೀದಿ, ನೀರಿನ ಕಾರಂಜಿ, ರೊಟ್ಟಿ ಸುಡುವ ಒಲೆ, ಒಂದು ಹಮ್ಮಾಮ್ ಇರುವುದು ವಾಡಿಕೆ. ಕಟ್ಟಡದ ಹಿಂದೆ ದೊಡ್ಡ ಒಲೆ ಇರುತ್ತೆ. ಸೌದೆ, ಮರದ ಹೊಟ್ಟು, ಆಲಿವ್ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ, ಇವನ್ನೆಲ್ಲ ಉರಿಸುತ್ತಾರೆ. ಹಳೇ ಕಾಲದ ಕಟ್ಟಡಗಳಲ್ಲಿ ಆ ಬಿಸಿ ಹೊಗೆ ನೆಲದ ಅಡಿಯಿಂದ ಹಾದು ಹೋಗುತ್ತೆ. ಹಾಗಾಗಿ ಒಲೆಗೆ ಹತ್ತಿರದ ಕೋಣೆ ಜಾಸ್ತಿ ಬಿಸಿ, ನಡುವಿನದು ಬೆಚ್ಚಗೆ, ಬಾಗಿಲ ಕಡೆಯದು ತಂಪು. ಮರಕೇಶ್‌ನಲ್ಲಿ ಇದೇ ಒಲೆಯ ಬೂದಿಯಲ್ಲಿ ತಂಜಿಯಾ ಅಂತ ಮಾಂಸದ ಅಡುಗೆ ಮಾಡುತ್ತಾರೆ. ಮಣ್ಣಿನ ಗಡಿಗೆಗೆ ಮಾಂಸ, ಉಪ್ಪಲ್ಲಿ ನೆನೆಸಿದ ನಿಂಬೆ, ಜೀರಿಗೆ ತುಂಬಿ, ಬಾಯಿ ಕಟ್ಟಿ, ಗಂಟೆಗಟ್ಟಲೆ ಬಿಟ್ಟುಬಿಡುತ್ತಾರೆ. ನೀರು ಕಾಯಿಸುವ ಬೆಂಕಿಯಲ್ಲೇ ಅಡುಗೆಯೂ ಆಯಿತು. ನೀವು ಸಸ್ಯಾಹಾರಿಗಳಾದರೆ ಇದನ್ನು ಮರೆತುಬಿಡಿ.

ಇನ್ನು ತಯಾರಿ. ಓಣಿಯ ಹಮ್ಮಾಮ್‌ನಲ್ಲಿ ಎಲ್ಲವನ್ನೂ ನಾವೇ ಒಯ್ಯಬೇಕು. ಸಂತೆಯಲ್ಲಿ ‘ಸಾಬೂನ್ ಬೆಲ್ದಿ’ ಅಂತ ಕೇಳಿ, ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ನೋಡಲು ಥೇಟ್ ಹಳೇ ಜೋನಿಬೆಲ್ಲ. ಆಲಿವ್ ಎಣ್ಣೆಗೆ ಕ್ಷಾರ ಸೇರಿಸಿ ಮಾಡಿದ್ದು, ನಮ್ಮ ಸೋಪಿನ ಹಾಗೆ ನೊರೆ ಬರಲ್ಲ. ಇದಕ್ಕೆ ಮೊದಲು ಬೇರೆ ಸೋಪು ಹಾಕಬೇಡಿ. ‘ಕೆಸ್ಸಾ’ ಅಂದರೆ ಕೈಗೆ ಹಾಕಿಕೊಳ್ಳುವ ಒರಟು ಬಟ್ಟೆಯ ಚೀಲ. ನಿಮ್ಮದೇ ಒಂದೊಂದು ತಗೊಳ್ಳಿ, ಇನ್ನೊಬ್ಬರದನ್ನು ಮೈಗೆ ಮುಟ್ಟಿಸಬೇಡಿ. ಆಮೇಲೆ ಕೂರಲು ಸಣ್ಣ ಪ್ಲಾಸ್ಟಿಕ್ ಚಾಪೆ, ನೀರು ಹೊಯ್ದುಕೊಳ್ಳಲು ಒಂದು ಚೊಂಬು, ಜಾರದ ಚಪ್ಪಲಿ, ಎರಡು ಟವೆಲ್, ಒಣಗಿದ ಒಳಉಡುಪು, ಬಾಚಣಿಗೆ. ಒಡವೆ, ಪಾಸ್‌ಪೋರ್ಟ್ ರೂಮಿನಲ್ಲೇ ಇರಲಿ. ಬಾಗಿಲಲ್ಲಿ ಕೂತಿರುವ ಹೆಂಗಸು ಬ್ಯಾಗ್ ನೋಡಿಕೊಳ್ಳುತ್ತಾಳೆ, ಹೋಗುವಾಗ ಅವಳಿಗೂ ಚಿಲ್ಲರೆ ಕೊಡಬೇಕು.

ಬಟ್ಟೆಯ ವಿಷಯ. ಹೆಂಗಸರ ಕಡೆ ಚಡ್ಡಿ ಒಂದು ಇರುತ್ತೆ, ಮೇಲೆ ಏನೂ ಇರಲ್ಲ. ಅದನ್ನೂ ಬಿಚ್ಚಿ ಪೂರ್ತಿ ಬತ್ತಲೆ ಕೂರುವುದು ಇಲ್ಲಿಯವರಿಗೂ ಸರಿ ಕಾಣುವುದಿಲ್ಲ. ಈಜುಡುಗೆ ಹಾಕಿಕೊಂಡು ಹೋದರೆ ಯಾರೂ ತಡೆಯಲ್ಲ, ಆದರೆ ಉಜ್ಜುವವಳು ಅದನ್ನು ಸೊಂಟಕ್ಕೆ ಎಳೆದುಬಿಡುತ್ತಾಳೆ, ಕೇಳುವುದೂ ಇಲ್ಲ. ಸಂಕೋಚ ಮೊದಲ ಐದು ನಿಮಿಷ. ಒಳಗೆ ನೋಡಿದರೆ ಅಜ್ಜಿ ಮೊಮ್ಮಗಳ ಬೆನ್ನು ತಿಕ್ಕುತ್ತಿರುತ್ತಾಳೆ, ಮಗಳು ಅಮ್ಮನ ತಲೆಗೆ ನೀರು ಹೊಯ್ಯುತ್ತಿರುತ್ತಾಳೆ, ಯಾರದೋ ಮದುವೆ ಮಾತು ಜೋರಾಗಿ ನಡೆದಿರುತ್ತೆ. ನಿಮ್ಮನ್ನು ನೋಡಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ.

ನೇರ ಬಿಸಿ ಕೋಣೆಗೆ ಹೋಗಿ, ಒಂದು ಜಾಗ ಹಿಡಿದು, ಚಾಪೆ ಹಾಸಿ. ನಲ್ಲಿಗಳಿಂದ ಬಿಸಿನೀರು, ತಣ್ಣೀರು ಬಕೆಟ್‌ಗಳಿಗೆ ತುಂಬಿಸಿ ಬೆರೆಸಿಕೊಳ್ಳಿ. ಮೈಗೆಲ್ಲ ಬೆಲ್ದಿ ಸೋಪು ಸವರಿಕೊಂಡು ಸುಮ್ನೆ ಕೂತುಕೊಳ್ಳಿ. ಕಾಲು ಗಂಟೆಯಾದರೂ ಬೇಕು. ಬೆರಳ ತುದಿ ಮುದುಡಿದರೆ ಆಯಿತು ಅಂತ ಲೆಕ್ಕ. ಒಂದು ನಿಯಮ ಮಾತ್ರ ತಪ್ಪಬಾರದು: ನಿಮ್ಮ ಕೊಳೆ ನೀರು ಪಕ್ಕದವರ ಚಾಪೆಯ ಕಡೆ ಹರಿಯಬಾರದು. ಜಗಳ ಆಗುವುದು ಇದಕ್ಕೇ.

ಆಮೇಲೆ ಉಜ್ಜುವವಳು. ಅವಳನ್ನು ‘ತಯ್ಯಾಬಾ’ ಅನ್ನುತ್ತಾರೆ. ಒಳಗೆ ಹೋಗುವ ಮುಂಚೆಯೇ ರೇಟು ಮಾತಾಡಿ. ಒಳಗೆ ಹೋಗಲು ಹತ್ತರಿಂದ ಇಪ್ಪತ್ತು ದಿರ್ಹಮ್, ಉಜ್ಜಲು ಐವತ್ತರಿಂದ ನೂರು. ಹೊರಗಿನವರು ಅಂತ ಗೊತ್ತಾದರೆ ಜಾಸ್ತಿ ಕೇಳುತ್ತಾರೆ, ನೂರರ ತನಕ ಕೊಡಬಹುದು. ಆ ಕಾವಿನಲ್ಲಿ ಇಡೀ ದಿನ ದುಡಿಯುವ ಹೆಂಗಸು, ಅದಕ್ಕೂ ಚೌಕಾಸಿ ಮಾಡಬೇಡಿ. ನಿಮ್ಮನ್ನು ಚಾಪೆಯ ಮೇಲೆ ಮಲಗಿಸಿ, ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಕೈಯಿಂದ ಶುರು ಮಾಡುತ್ತಾಳೆ. ಮಗ್ಗುಲು ಬದಲಿಸಬೇಕಾದರೆ ಹೇಳಲ್ಲ, ಬೆನ್ನಿಗೆ ಒಂದು ಏಟು ಕೊಡುತ್ತಾಳೆ. ಬೂದು ಬಣ್ಣದ ಸುರುಳಿ ಸುರುಳಿ ಮೈಯಿಂದ ಏಳುತ್ತೆ. ಅದನ್ನು ನಿಮ್ಮ ಕಣ್ಣ ಮುಂದೆ ಹಿಡಿದು ತೋರಿಸುತ್ತಾಳೆ ಕೂಡ. ನಾಚಿಕೆ ಬೇಡ, ದಿನಾ ಸ್ನಾನ ಮಾಡುವವರಿಗೂ ಬರುತ್ತೆ. ನೋವಾದರೆ ‘ಶ್ವಿಯಾ, ಶ್ವಿಯಾ’ ಅನ್ನಿ, ಮೆಲ್ಲಗೆ ಮಾಡುತ್ತಾಳೆ. ಸಾಕಾದರೆ ‘ಸಾಫಿ’. ಚರ್ಮ ಕಿತ್ತು ಬರುವುದೇನಿಲ್ಲ, ಒಂದಿಷ್ಟು ಕೆಂಪಾಗುತ್ತೆ. ಆದರೆ ಹಿಂದಿನ ದಿನ ವ್ಯಾಕ್ಸಿಂಗ್ ಮಾಡಿಸಿಕೊಂಡು ಹೋಗಬೇಡಿ. ಬಿಸಿಲಿಗೆ ಮೈ ಸುಟ್ಟಿದ್ದರೂ ಹೋಗಬೇಡಿ. ಹೋದರೆ ನಿಜವಾಗಲೂ ಕಣ್ಣಲ್ಲಿ ನೀರು.

ಕೊನೆಗೆ ಗಸೂಲ್. ಮೂಲೂಯಾ ನದಿಯ ಕಣಿವೆಯಲ್ಲಿ ಅಗೆದು ತೆಗೆಯುವ ಜೇಡಿಮಣ್ಣು. ನೀರಲ್ಲಿ ಕಲಸಿ ತಲೆಗೂ ಮೈಗೂ ಹಚ್ಚುತ್ತಾರೆ. ಎಣ್ಣೆ ಜಿಡ್ಡಿನ ಕೂದಲಿಗೆ ತುಂಬಾ ಒಳ್ಳೆಯದು, ಒಣ ಕೂದಲಾದರೆ ಬೇಡ.

ಮಸಾಜ್ ಯಾಕೆ ಬೇಡ ಅಂದೆ? ತಯ್ಯಾಬಾ ಮಾಡುವ ಮಸಾಜ್ ಅಂದರೆ ಸೋಪಿನ ಕೈಯಲ್ಲಿ ಭುಜ, ಕಾಲು ಒಂದಿಷ್ಟು ಒತ್ತಿ ಬಿಡುವುದು, ಅಷ್ಟೆ. ಅದು ಹಿತವಾಗಿಯೇ ಇರುತ್ತೆ, ಬೇರೆ ದುಡ್ಡಿನ ಮಾತಿಲ್ಲ. ರಿಯಾದ್‌ನವರು ಬೇರೆ ಕೋಣೆಯಲ್ಲಿ ಆರ್ಗನ್ ಎಣ್ಣೆ ಹಚ್ಚಿ ನವಿರಾಗಿ ಸವರುತ್ತಾರೆ. ನರಕ ಚತುರ್ದಶಿ ಬೆಳಿಗ್ಗೆ ಅಜ್ಜಿ ಕೈಯಲ್ಲಿ ಎಣ್ಣೆ ಒತ್ತಿಸಿಕೊಂಡು ಬೆಳೆದವರಿಗೆ ಅದು ಸಾಲುವುದಿಲ್ಲ. ಆ ದುಡ್ಡಿಗೆ ಮಹಿಳೆಯರ ಸಹಕಾರ ಸಂಘದಲ್ಲಿ ಒಳ್ಳೆ ಆರ್ಗನ್ ಎಣ್ಣೆ ತಗೊಳ್ಳಿ. ಆರ್ಗನ್ ಮರ ಬೆಳೆಯುವುದು ಸೂಸ್ ಸೀಮೆಯಲ್ಲಿ, ಬೀಜವನ್ನು ಹೆಂಗಸರು ಕಲ್ಲಲ್ಲಿ ಒಡೆದು ತೆಗೆಯುತ್ತಾರೆ. ಅಷ್ಟು ಕೆಲಸದ ಎಣ್ಣೆ ಬೀದಿಯಲ್ಲಿ ಅಗ್ಗಕ್ಕೆ ಸಿಕ್ಕರೆ ಬೇರೆ ಎಣ್ಣೆ ಬೆರೆಸಿದ್ದಾರೆ ಅಂತಲೇ ತಿಳಿಯಿರಿ.

ಅತ್ತೆಯ ವಿಷಯ. ಬಿಪಿ ಇರುವವರು ಒಳಗಿನ ಬಿಸಿ ಕೋಣೆಗೆ ಬೇಡವೇ ಬೇಡ. ಡಾಕ್ಟರನ್ನು ಹೊರಡುವ ಮುಂಚೆ ಕೇಳಿ. ಸೋಪಿನ ನೀರಿಗೆ ನೆಲ ಜಾರುತ್ತೆ, ಮಂಡಿ ನೋವಿರುವವರು ನೆಲದಿಂದ ಏಳುವುದು ಕಷ್ಟ. ರಿಯಾದ್‌ನಲ್ಲಾದರೆ ಕಟ್ಟೆಯ ಮೇಲೆ ಮಲಗಬಹುದು, ಬೇರೆ ಯಾರೂ ಇರಲ್ಲ, ಕಾವು ಕಮ್ಮಿ ಮಾಡಿ ಅನ್ನಬಹುದು. ಅವರಿಗೆ ಅದೇ ಸರಿ.

ಹುಬ್ಬಳ್ಳಿ ಹುಡುಗ ಉತ್ತರ:

ಅಕ್ಕ ಹೇಳಿದ್ದು ಹೆಂಗಸರ ಕಡೆಗೆ ಸರಿ ಇರಬಹುದು. ಆದರೆ ಮಸಾಜ್ ಬೇಡ ಅನ್ನೋದನ್ನ ನಾನು ಒಪ್ಪಲ್ಲ ನೋಡ್ರಿ. ಗಂಡಸರ ಕಡೆ ಲೆಕ್ಕ ಬೇರೆ.

ನಾನು ಹೋಗಿದ್ದು ಫೆಸ್‌ನಲ್ಲಿ, ಸಫ್ಫಾರೀನ್ ಚೌಕದ ಪಕ್ಕದ ಹಮ್ಮಾಮ್‌ಗೆ. ಮರೀನಿದ್ ದೊರೆಗಳ ಕಾಲದ್ದು, 14ನೇ ಶತಮಾನ. ಹೊರಗೆ ತಾಮ್ರದ ಹಂಡೆ ಬಡಿಯುವವರ ಟಕ ಟಕ ಸದ್ದು, ಒಳಗೆ ಗುಮ್ಮಟದ ಸಣ್ಣ ತೂತುಗಳಿಂದ ಬೀಳುವ ಬೆಳಕು. ಉಜ್ಜುವವನಿಗೆ ‘ಕೆಸ್ಸಾಲ್’ ಅಂತಾರೆ. ಉಜ್ಜಿ ಮುಗಿಸಿದ ಮೇಲೆ ಕೈಗಳನ್ನು ಬೆನ್ನ ಹಿಂದೆ ಎಳೆದು ಕಟ್ಟಿದ, ಕಾಲು ಮಡಚಿ ಎದೆಗೆ ಒತ್ತಿದ, ಸೊಂಟ ತಿರುಚಿದ. ಮೈಯೊಳಗಿನ ಒಂದೊಂದು ಗೆಣ್ಣೂ ಲಟಕ್ ಅಂದಿದ್ದು ಕೇಳಿಸ್ತು. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಹಿಡಿದುಕೊಂಡಿದ್ದ ಕುತ್ತಿಗೆ ಸಡಿಲ ಆಯ್ತು. ಬೆನ್ನುಮೂಳೆ ತೊಂದರೆ ಇದ್ದವರು ಮಾತ್ರ ದೂರ ಇರಿ.

ಗಂಡಸರು ಚಡ್ಡಿ ಹಾಕಿಕೊಂಡೇ ಇರಬೇಕು, ಕೊನೆತನಕ.

ಬೀದರ್ ಕೋಟೆ ಉತ್ತರ:

ವಿಷಯಾಂತರಕ್ಕೆ ಕ್ಷಮೆ ಇರಲಿ. ಹಮ್ಮಾಮ್ ನೋಡಲು ಮೊರಾಕೊಗೇ ಹೋಗಬೇಕಿಲ್ಲ. ನಮ್ಮ ಬೀದರ್ ಕೋಟೆಯೊಳಗಿನ ಮ್ಯೂಸಿಯಂ ಇರುವುದೇ ಹಳೇ ಶಾಹಿ ಹಮ್ಮಾಮ್‌ನಲ್ಲಿ. ಬಂದವರು ಒಳಗಿನ ಕತ್ತಿ, ಕಲ್ಲು ನೋಡಿಕೊಂಡು ಹೋಗುತ್ತಾರೆ, ತಲೆ ಎತ್ತಿ ಗುಮ್ಮಟ ನೋಡುವವರು ಕಮ್ಮಿ.

ನನ್ನದೊಂದು ಪ್ರಶ್ನೆ. ಅಷ್ಟೊಂದು ನೀರು ಹೊಯ್ದುಕೊಳ್ಳುತ್ತಾರಲ್ಲ, ಅಲ್ಲಿ ನೀರಿಗೆ ಬರ ಇಲ್ವಾ?

ಸರಸ್ವತಿಪುರಂ ಸೊಸೆ ಉತ್ತರ:

ಅಕ್ಕಾ, ತುಂಬಾ ಥ್ಯಾಂಕ್ಸ್. ಅತ್ತೆಗೆ ಓದಿ ಹೇಳಿದೆ. ‘ಬೆನ್ನಿಗೆ ಏಟು ಕೊಡ್ತಾಳಾ?’ ಅಂತ ಅಷ್ಟೇ ಕೇಳಿದರು, ಆಮೇಲೆ ಮಾತಿಲ್ಲ. ಮಗನ ವಿಷಯ ಒಂದು ಉಳಿಯಿತು. ಯಾವ ಹೊತ್ತಿಗೆ ಹೋಗಬೇಕು ಅನ್ನೋದನ್ನೂ ಹೇಳಿ.

ತಿಪಟೂರಿನವಳು, ಈಗ ರಬಾತ್ ಉತ್ತರ:

ಹುಬ್ಬಳ್ಳಿಯವರು ಹೇಳಿದ ಗೆಣ್ಣು ಮುರಿಯುವ ಮಸಾಜ್ ಗಂಡಸರ ಕಡೆ ಇದೆ, ನಮ್ಮ ಯಜಮಾನರೂ ಮಾಡಿಸಿಕೊಳ್ಳುತ್ತಾರೆ. ಪ್ರಶ್ನೆ ಕೇಳಿದವರು ಮೂವರು ಹೆಂಗಸರು, ಅದಕ್ಕೆ ಬೇಡ ಅಂದೆ. ನನ್ನ ಮಾತು ಬದಲಿಸಲ್ಲ.

ನೀರಿನ ಬರ ಖಂಡಿತ ಬಂದಿತ್ತು. ವರ್ಷಗಟ್ಟಲೆ ಮಳೆ ಕೈಕೊಟ್ಟು, 2024ರ ಆರಂಭದಲ್ಲಿ ಕಾಸಾಬ್ಲಾಂಕಾ, ಟ್ಯಾಂಜಿಯರ್ ಸೇರಿ ಹಲವು ಊರುಗಳಲ್ಲಿ ಹಮ್ಮಾಮ್‌ಗಳನ್ನು ವಾರಕ್ಕೆ ಮೂರು ದಿನ ಮುಚ್ಚಬೇಕು ಅಂತ ಆದೇಶ ಬಂತು. ಮನೆಯಲ್ಲಿ ಬಿಸಿನೀರಿನ ಸೌಕರ್ಯ ಇಲ್ಲದವರಿಗೆ ವಾರದ ಸ್ನಾನವೇ ಅದು, ಒಳಗೆ ದುಡಿಯುವವರಿಗೆ ದಿನಗೂಲಿ. ದೊಡ್ಡ ಹೋಟೆಲ್‌ಗಳ ಈಜುಕೊಳ ಮುಚ್ಚಿಸದೆ ನಮ್ಮ ಬಕೆಟ್‌ಗೆ ಕೈ ಹಾಕಿದರು ಅಂತ ಜನ ಬೈದುಕೊಂಡರು. ನನಗೂ ಹಾಗೇ ಅನ್ನಿಸಿತ್ತು. ಹೋಗುವ ಮುಂಚೆ ಆ ದಿನ ತೆರೆದಿದೆಯಾ ಅಂತ ರಿಯಾದ್‌ನಲ್ಲಿ ಕೇಳಿಕೊಳ್ಳಿ.

ಹೊತ್ತಿನ ವಿಷಯ. ಕೆಲವು ಕಡೆ ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಬಾಗಿಲು. ಒಂದೇ ಕಟ್ಟಡ ಇರುವ ಕಡೆ ಹೊತ್ತು ಹಂಚಿಕೊಂಡಿರುತ್ತಾರೆ. ಸಾಮಾನ್ಯವಾಗಿ ಹಗಲು ಹೆಂಗಸರಿಗೆ, ಬೆಳಗಿನ ಜಾವ ಮತ್ತು ರಾತ್ರಿ ಗಂಡಸರಿಗೆ. ಗುರುವಾರ ಸಂಜೆಯಿಂದ ಶುಕ್ರವಾರದ ನಮಾಜಿನ ತನಕ ಕಾಲಿಡಲು ಜಾಗ ಇರಲ್ಲ. ಸೋಮವಾರವೋ ಮಂಗಳವಾರವೋ ಬೆಳಿಗ್ಗೆ ಹೋಗಿ, ಖಾಲಿ ಇರುತ್ತೆ.

ಮಗ. ಚಿಕ್ಕ ಗಂಡುಮಕ್ಕಳು ಅಮ್ಮನ ಜೊತೆ ಹೆಂಗಸರ ಕಡೆಗೇ ಬರುತ್ತಾರೆ. ಇಷ್ಟೇ ವಯಸ್ಸು ಅಂತ ಬರೆದಿಟ್ಟಿಲ್ಲ. ಹುಡುಗನ ಕಣ್ಣು ಚುರುಕಾಯಿತು ಅನ್ನಿಸಿದ ದಿನ ಬಾಗಿಲಲ್ಲಿರುವ ಹೆಂಗಸು, ‘ಮುಂದಿನ ಸಲ ಅಪ್ಪನ ಜೊತೆ ಕಳಿಸು’ ಅಂದುಬಿಡುತ್ತಾಳೆ. ಇಲ್ಲಿಯ ಗಂಡಸರಲ್ಲಿ ಬಹಳ ಜನ ಆ ದಿನವನ್ನು ನೆನೆಸಿಕೊಂಡು ನಗುತ್ತಾರೆ. ಏಳು ವರ್ಷ ಅಂದರೆ ಅನುಮಾನ, ಬಿಡಲೂಬಹುದು, ಬಿಡದೆಯೂ ಇರಬಹುದು. ಅದಕ್ಕಿಂತ ಅತ್ತೆಯ ಜೊತೆ ಅವನನ್ನು ರಿಯಾದ್‌ನಲ್ಲೇ ಬಿಟ್ಟು ನೀವಿಬ್ಬರು ಹೋಗಿಬನ್ನಿ. ಆ ಕಾವು ಮಕ್ಕಳಿಗೆ ಬೇಗ ಬೇಜಾರಾಗುತ್ತೆ, ನಿಮಗೆ ನೆಮ್ಮದಿಯಾಗಿ ಕೂರಲು ಬಿಡಲ್ಲ. ನೀವು ಬಂದ ಮೇಲೆ, ಬೇರೆ ದಿನ, ಅತ್ತೆಯದು.

ಹೊಟ್ಟೆ ತುಂಬಾ ತಿಂದು ಹೋಗಬೇಡಿ, ಕುಡಿಯುವ ನೀರಿನ ಬಾಟಲಿ ಒಳಗೇ ಇರಲಿ. ತಲೆ ಸುತ್ತಿದ ಹಾಗಾದರೆ ನಡುವಿನ ಕೋಣೆಗೆ ಬಂದು ಕೂತುಕೊಳ್ಳಿ. ಮುಗಿದ ಮೇಲೆ ಓಡಿಬರಬೇಡಿ, ನವೆಂಬರ್ ಸಂಜೆ ಹೊರಗೆ ಚಳಿ ಇರುತ್ತೆ. ತಲೆಗೆ ಟವೆಲ್ ಸುತ್ತಿಕೊಂಡು ಬಟ್ಟೆ ಬದಲಿಸುವ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತು, ಮೈ ಆರಿದ ಮೇಲೆ ಹೊರಡಿ. ಹೊರಗೆ ಯಾರಾದರೂ ‘ಬ್ಸಹ್ಹಾ’ ಅಂದರೆ ಸ್ನಾನ ಮಾಡಿ ಬಂದವರಿಗೆ ಹೇಳುವ ಹಾರೈಕೆ ಅದು, ನಕ್ಕು ತಲೆ ಆಡಿಸಿ ಸಾಕು.

ಮರಕೇಶ್‌ನಲ್ಲಿ ಯಾವ ಕಡೆ ಉಳಿಯುತ್ತೀರಿ ಅಂತ ತಿಳಿಸಿ. ಹತ್ತಿರದಲ್ಲಿ ಹೆಂಗಸರಿಗೆ ಅನುಕೂಲ ಇರುವುದು ಯಾವುದು ಅಂತ ಪಕ್ಕದ ಮನೆಯವರನ್ನು ಕೇಳಿ ಹೇಳುತ್ತೇನೆ, ಅವರ ತವರು ಅಲ್ಲೇ.